ಸಿಯೊರಾಕ್‌ಗೆ ಒಬ್ಬಳೇ

ಉತ್ತರದ ಹಿಮಗಡಲ ದ್ವೀಪವಾದ ಉಪರ್ನಾವಿಕ್‌ನಲ್ಲಿ ರಸ್ತೆ ಅಂತ ಹೇಳಿಕೊಳ್ಳುವಂಥದ್ದು ಬಂದರಿನಿಂದ ಹೊರಟು, ಮನೆಗಳ ನಡುವೆ ಸುತ್ತಿ, ವಿಮಾನ ಇಳಿಯುವ ಗುಡ್ಡದ ನೆತ್ತಿಗೆ ಹೋಗಿ ಮುಗಿಯುತ್ತದೆ. ಅಷ್ಟೇ ದಾರಿಯಲ್ಲಿ ತಬೀತೆ ಹತ್ತೊಂಬತ್ತು ವರ್ಷ ಟ್ಯಾಕ್ಸಿ ಓಡಿಸಿದಳು. ಹೆರಿಗೆಗೆ ಹೊರಟವರನ್ನು ಮೇಲೆ ಬಿಟ್ಟಳು, ಕೂಸು ಎತ್ತಿಕೊಂಡು ಬಂದವರನ್ನು ಕೆಳಗಿಳಿಸಿದಳು. ದ್ವೀಪ ಬಿಟ್ಟು ತಾನಾಗಿ ಎಲ್ಲಿಗೂ ಹೋದವಳಲ್ಲ.

ಅವಳು ಹುಟ್ಟಿದ್ದು ಉತ್ತರಕ್ಕೆ ಎರಡು ದಿನದ ದಾರಿಯ ಸಿಯೊರಾಕ್‌ನಲ್ಲಿ. ಅಲ್ಲಿದ್ದುದು ಹನ್ನೊಂದು ಮನೆ. ಅವಳಿಗೆ ಒಂಬತ್ತು ವರ್ಷವಾದಾಗ ಅಂಗಡಿ ಮುಚ್ಚಿತು, ಸಾಮಾನಿನ ಹಡಗು ಬರುವುದು ನಿಂತಿತು, ಜನ ದೋಣಿ ಹತ್ತಿ ಇಲ್ಲಿಗೆ ಬಂದರು. ಅವಳ ತಾಯಿ ಮಾತ್ರ ಅಲ್ಲೇ, ಸಮಾಧಿಯ ಕಲ್ಲುಗಳಡಿ ಉಳಿದಳು. ಬೇಟೆಗಾರನಾದ ಗಂಡ ನಿಕೋಲಾಯ್‌ನನ್ನು ಅಲ್ಲಿಗೆ ಕರೆದುಕೊಂಡು ಹೋಗೆಂದು ತಬೀತೆ ಪ್ರತಿ ವರ್ಷ ಕೇಳುವಳು. "ಈ ಸಲ ಮೀನು ಚೆನ್ನಾಗಿದೆ ಕಣೇ, ಆಮೇಲೆ ನೋಡೋಣ" ಅನ್ನುವನು ಅವನು. ಒಂದು ಶರತ್ಕಾಲದಲ್ಲಿ ಅವನ ಎದೆಬಡಿತ ನಿಂತುಹೋಯಿತು.

ಅವನ ಜಾರುಬಂಡಿ ಎಳೆಯುತ್ತಿದ್ದ ನಾಯಿಗಳನ್ನು ಕೇಳಲು ಜನ ಬಂದರು. ತಬೀತೆ ಕೊಡಲಿಲ್ಲ. ಕಡಲು ಹೆಪ್ಪುಗಟ್ಟಿದ ಮೇಲೆ ಒಂಬತ್ತನ್ನೂ ಜಾರುಬಂಡಿಗೆ ಕಟ್ಟಿದಳು. ಅವು ಅವಳ ಕೂಗಿಗೆ ಕಿವಿಗೊಡದೆ ನೇರ ಓಡಿದವು. ನಿಕೋಲಾಯ್ ಮೀನಿಗಾಗಿ ಮಂಜು ಕೊರೆಯುತ್ತಿದ್ದ ಜಾಗದಲ್ಲಿ ನಿಂತು, ಸುತ್ತಲೂ ಮೂಸಿ, ಅಲ್ಲೇ ಮಲಗಿದವು. ಗದರಿಸಲು ಅವಳಿಗೆ ಬಾಯಿ ಬರಲಿಲ್ಲ. ಬಂಡಿಯ ಮೇಲೆ ಕೂತು ತಾನೂ ಕಾದಳು.

ತಿರುಗಿ ಬಂದಾಗ ದಡದಲ್ಲಿ ಪಕ್ಕದ ಮನೆಯ ಮುದುಕ ಎಸಾಯಸ್ ನಿಂತಿದ್ದ. ಅವನೂ ಸಿಯೊರಾಕ್‌ನವನೇ. ಆದರೆ ಆ ಊರಿನ ಹೆಸರನ್ನು ಎಂದೂ ಎತ್ತಿದವನಲ್ಲ.

"ಏನು ಡ್ರೈವರಮ್ಮ, ಬ್ರೇಕ್ ಸಿಗಲಿಲ್ವಾ?"

"ನಗಬೇಡ ಎಸಾಯಸಣ್ಣ. ಹೇಳಿಕೊಡು."

"ಕೀ ತಿರುಗಿಸಿದ್ರೆ ಓಡೋ ಜಾತಿಯಲ್ಲ ಇವು. ನಿನ್ನ ದನಿ ನಡುಗಿದ್ರೆ ಸಾಕು, ತಿಳಕೊಂಡುಬಿಡ್ತವೆ."

ಎರಡು ಚಳಿಗಾಲ ಅವನು ಕಲಿಸಿದ. ಕಬ್ಬಿಣದ ಮೊನೆಯ ಕೋಲಿನಿಂದ ಮಂಜು ಕುಟ್ಟಿ ನೋಡುವುದು, ಒಂದೇ ಪೆಟ್ಟಿಗೆ ನೀರು ಬಂದರೆ ತಿರುಗಿ ಬರುವುದು. ಒಂದು ದಿನ, "ಅಷ್ಟಕ್ಕೂ ಎಲ್ಲಿಗೆ ಹೋಗ್ತೀಯ?" ಎಂದ.

"ಸಿಯೊರಾಕ್‌ಗೆ."

ಎಸಾಯಸ್ ಕೋಲನ್ನು ಅಲ್ಲೇ ನೆಟ್ಟು ಮನೆಗೆ ಹೋದ. ಮೂರು ದಿನ ಮುಖ ತೋರಿಸಲಿಲ್ಲ. ನಾಲ್ಕನೆಯ ದಿನ ಹಿಟ್ಟಿನ ಪೊಟ್ಟಣದ ಹಿಂದೆ ದಾರಿ ಬರೆದು ತಂದ. "ಗುಡ್ಡ ಕಡಲಿಗೆ ಚಾಚಿದ ಈ ಮೂಲೆಯಲ್ಲಿ ಕೆಳಗಿನಿಂದ ನೀರಿನ ಸೆಳವು ಮಂಜನ್ನ ತಿಂದಿರುತ್ತೆ. ಗುಡ್ಡ ಹತ್ತಿ ಇಳಿ. ಸೋಮಾರಿತನ ಮಾಡಬೇಡ."

ಏಪ್ರಿಲ್ ಕೊನೆಯಲ್ಲಿ ಅವಳು ಹೊರಟಳು. ಆ ಮೂಲೆಯಲ್ಲಿ ಮಂಜು ನೋಡಲು ಗಟ್ಟಿಯಾಗಿಯೇ ಇತ್ತು. ಕುಟ್ಟಿದಳು, ಕೋಲು ಸೀದಾ ಇಳಿದು, ಕಪ್ಪು ನೀರು ಉಕ್ಕಿತು. ಬಂಡಿಯನ್ನು ಗುಡ್ಡ ಹತ್ತಿಸಲು ಅರ್ಧ ದಿನ ಹಿಡಿಯಿತು. ನಾಯಿಗಳ ಜೊತೆ ತಾನೂ ಹಗ್ಗಕ್ಕೆ ಹೆಗಲು ಕೊಟ್ಟಳು.

ಸಿಯೊರಾಕ್‌ನಲ್ಲಿ ನಾಲ್ಕು ಮನೆ ಮಾತ್ರ ನಿಂತಿದ್ದವು. ತನ್ನ ಮನೆಯಿದ್ದ ಕಡೆ ಒಲೆಯ ಕಬ್ಬಿಣ ಬಿದ್ದಿತ್ತು. ಮೇಲಿನ ದಿಬ್ಬದಲ್ಲಿ ಮೂರು ಕಲ್ಲುಗುಪ್ಪೆಗಳಿದ್ದವು, ಅವುಗಳ ಮೂರೂ ಶಿಲುಬೆಗಳು ಉರುಳಿದ್ದವು. ಗಾಳಿ ಅಕ್ಷರಗಳನ್ನು ಸವೆಸಿಬಿಟ್ಟಿತ್ತು. ತಾಯಿ ಯಾವುದರಡಿ ಇದ್ದಾಳೆಂದು ತಿಳಿಯಲಿಲ್ಲ. ಮೂರನ್ನೂ ಎತ್ತಿ ನಿಲ್ಲಿಸಿ ಬುಡಕ್ಕೆ ಕಲ್ಲು ಪೇರಿಸಿದಳು. ಚಹಾ ಕಾಯಿಸಿ ಕೂತು, "ಅಮ್ಮಾ" ಎಂದಳು. ನಾಯಿಗಳು ಕಿವಿ ನಿಮಿರಿಸಿದವು, ಅಷ್ಟೇ. ಇಲ್ಲಿಗೆ ಬಂದರೆ ಮನಸ್ಸು ತುಂಬುತ್ತದೆ ಅಂದುಕೊಂಡಿದ್ದಳು. ನಡುಗಡಲ ಮಂಜಿನ ಮೇಲೆ ಕೂಡ ಇಷ್ಟು ಒಂಟಿತನ ಕಾಡಿರಲಿಲ್ಲ.

ಐದನೆಯ ದಿನ ವಾಪಸಾದಾಗ ಎಸಾಯಸ್ ಬಂದು ನಾಯಿಗಳ ಹಗ್ಗ ಬಿಚ್ಚತೊಡಗಿದ. ಬಿಚ್ಚುತ್ತಲೇ ಕೇಳಿದ: "ಕಡಲ ಕಡೆ ನೀಲಿ ಮನೆ. ನಮ್ಮದು."

"ಗೋಡೆ ಇದೆ ಅಣ್ಣ. ಸೂರು ಹಾರಿಹೋಗಿದೆ."

"ಬಾಗಿಲು?"

"ಇಲ್ಲ."

ಅವನು ಹಗ್ಗದ ಗಂಟಿನ ಮೇಲೆ ಬಗ್ಗಿಯೇ ಇದ್ದ.

"ಬರೋ ವರ್ಷ ನೀನೂ ಬಾ. ಸುಮ್ನೆ ಕೂತ್ಕೋ, ನಾನು ಓಡಿಸ್ತೀನಿ" ಎಂದಳು ತಬೀತೆ.

"ಬೇಡ ಕಣಮ್ಮ. ನನ್ನ ಪಾಲಿಗೆ ಇನ್ನೂ ಬಾಗಿಲಿದೆ. ಇರ್ಲಿ ಬಿಡು."

ಮರುವರ್ಷವೂ ಅವಳು ಒಬ್ಬಳೇ ಹೋದಳು. ಸಿಯೊರಾಕ್‌ನಲ್ಲಿ ಒಂದು ಗಳಿಗೆ ನಿಂತು, ಆಚೆಯ ಕೊಲ್ಲಿಗೆ ಇಳಿದಳು. ಅದರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಎಸಾಯಸ್ ಬರೆದುಕೊಟ್ಟ ದಾರಿಯೂ ಅಲ್ಲಿಗಿರಲಿಲ್ಲ. ಕೋಲಿನಿಂದ ಕುಟ್ಟಿ ನೋಡುತ್ತ ಮುಂದೆ ನಡೆದಳು.