ಬಾಳೆಹಣ್ಣಿಗೆ ಬಿದ್ದ ಸಹಿ

ಆ ಹಾಳೆಯನ್ನು ನಾನು ಓದಲಿಲ್ಲ. ಓದಿದೆ ಎಂದು ತಂಗಿಗೆ ಹೇಳಿ, ಸಹಿ ಹಾಕಿ, ಮಡಿಸಿ ಅವಳ ಮಗಳ ಶಾಲೆಯ ಚೀಲದಲ್ಲಿಟ್ಟೆ. ಅದೊಂದೇ ಹಾಳೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಮಗು ಒಂದನೆಯ ತರಗತಿಗೆ ಸೇರಿದ ಆ ವರ್ಷ ಜೂನ್‌ನಿಂದ ನವೆಂಬರ್‌ವರೆಗೆ ಶಾಲೆಯಿಂದ ಮನೆಗೆ ಬಂದ ಒಂದೇ ಒಂದು ಬರಹವನ್ನೂ ನಾನು ಓದಲಿಲ್ಲ. ಓದಿದ ಹಾಗೆ ಮಾಡಿದೆ.

ನನ್ನ ಶಾಲೆ ಮೂರನೆಯ ತರಗತಿಗೇ ನಿಂತಿತ್ತು. ತಂಗಿ ಹುಟ್ಟಿದ ವರ್ಷ ಅದು. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು, ತೊಟ್ಟಿಲು ತೂಗಲು ಒಬ್ಬರು ಬೇಕಿತ್ತು. ಅದಕ್ಕಾಗಿ ನಾನೇನೂ ಅತ್ತವಳಲ್ಲ. ತೊಟ್ಟಿಲಲ್ಲಿದ್ದ ಮಗು ಅಷ್ಟು ಚೆಂದ ಇತ್ತು. ಆದರೆ ಅಕ್ಷರ ಅರ್ಧಕ್ಕೇ ಉಳಿಯಿತು. ಬಸ್ಸಿನ ಬೋರ್ಡು ಓದುತ್ತಿದ್ದೆ: ಕೊಪ್ಪ, ಶೃಂಗೇರಿ, ಕಮ್ಮರಡಿ, ಎನ್.ಆರ್.ಪುರ. ಅದಕ್ಕಿಂತ ಉದ್ದದ ಸಾಲಾದರೆ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತುಹೋಗುತ್ತಿತ್ತು. ಇದನ್ನೆಲ್ಲ ಬರೆಯುವಷ್ಟು ಅಕ್ಷರ ಕೂಡಿದ್ದು ಈಚೆಗೆ, ತಂಗಿಯ ಮಗಳ ಪುಸ್ತಕಗಳನ್ನು ಒಂದನೆಯ ತರಗತಿಯಿಂದ ಹಿಡಿದು ಅವಳ ಜೊತೆಗೇ ಓದುತ್ತ ಬಂದದ್ದರಿಂದ.

ಒಂದೇ ಮನೆಯಲ್ಲಿದ್ದೂ, ನನಗೆ ಓದಲು ಬಾರದು ಎಂದು ಆಗ ತಂಗಿಗೆ ಗೊತ್ತಿರಲಿಲ್ಲ. ಅದಕ್ಕೆ ಕಾರಣ ಒಂದು ಎಮ್ಮೆ.

ಅವಳು ನಾಲ್ಕೈದು ವರ್ಷದವಳಿದ್ದಾಗ, ಅಂಗಡಿಯವನು ಸಕ್ಕರೆ ಕಟ್ಟಿಕೊಟ್ಟ ಪೇಪರನ್ನು ಬಿಡಿಸಿ, ಮಂಡಿಯ ಮೇಲೆ ಹರಡಿಕೊಂಡು ನಾನು ಅವಳಿಗೆ ಸುದ್ದಿ ಓದುತ್ತಿದ್ದೆ. ಓದುವುದೆಂದರೆ ಬಾಯಿಗೆ ಬಂದದ್ದನ್ನು ಹೇಳುವುದು. ಕೊಪ್ಪದಲ್ಲಿ ಒಂದು ಎಮ್ಮೆ ಎನ್.ಆರ್.ಪುರದ ಬಸ್ಸು ಹತ್ತಿತು; ಕಿಟಕಿ ಪಕ್ಕದ ಸೀಟೇ ಬೇಕೆಂದು ಹಟ ಹಿಡಿಯಿತು; ಕಂಡಕ್ಟರ್ ಟಿಕೆಟ್ ಕೇಳಿದರೆ ತಾನಿನ್ನೂ ಕರು, ಅರ್ಧ ಟಿಕೆಟ್ ಸಾಕು ಎಂದಿತು. ಹೊಸ ಪೊಟ್ಟಣ ಬಂದಾಗಲೆಲ್ಲ ಎಮ್ಮೆ ಮುಂದಿನ ಊರಿಗೆ ಹೋಗುತ್ತಿತ್ತು. ತಂಗಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ನಮ್ಮಕ್ಕ ಪೇಪರ್ ಓದುತ್ತಾಳೆ ಎಂದು ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು. ಮುಂದೆ ಅವಳೇ ಹತ್ತನೆಯ ತರಗತಿ ಮುಗಿಸಿದಳು, ಮದುವೆಯಾದಳು, ತಾಯಿಯಾದಳು. ಆದರೂ ಅವಳ ಮನಸ್ಸಿನಲ್ಲಿ ನಾನು ಪೇಪರ್ ಓದುವ ಅಕ್ಕನಾಗಿಯೇ ಉಳಿದೆ. ನನ್ನನ್ನು ಓದಬಲ್ಲವಳು ಎಂದು ನಂಬಿದವಳು ಈ ಭೂಮಿಯ ಮೇಲೆ ಅವಳೊಬ್ಬಳೇ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ತಂಗಿಗೆ ಶೃಂಗೇರಿಯ ಒಂದು ಲಾಡ್ಜಿನಲ್ಲಿ ಕೆಲಸ. ಬೆಳಗಿನ ಮೊದಲ ಬಸ್ಸಿಗೆ ಹೋದರೆ ಸಂಜೆ ಏಳರ ಮೇಲೆಯೇ ಮನೆ. ಅವಳ ಗಂಡ ಜೆಸಿಬಿ ಓಡಿಸುವವನು, ಕೆಲಸ ಎಲ್ಲಿ ಸಿಕ್ಕಿತೋ ಅಲ್ಲಿ. ನಾನು ಭಂಡಿಗಡಿಯ ಹೋಟೆಲಿನಲ್ಲಿ ತರಕಾರಿ ಹೆಚ್ಚಿ, ಹಿಟ್ಟು ರುಬ್ಬಿ, ಮೂರು ಗಂಟೆಗೆಲ್ಲ ಬಿಡುವಾಗುತ್ತಿದ್ದೆ. ಹಾಗಾಗಿ ಮಗುವನ್ನು ಒಂದನೆಯ ತರಗತಿಗೆ ಸೇರಿಸಿದ ದಿನ, ದಿನಾ ಕರೆದುಕೊಂಡು ಹೋಗುವವರು ಯಾರು, ಡೈರಿ ನೋಡುವವರು ಯಾರು ಎಂದು ಟೀಚರ್ ಕೇಳಿದಾಗ ತಂಗಿ ನನ್ನನ್ನು ಮುಂದಕ್ಕೆ ತಳ್ಳಿದಳು.

"ನಮ್ಮಕ್ಕನೇ ಟೀಚರೇ. ಅವಳು ಚೆನ್ನಾಗಿ ಓದ್ತಾಳೆ. ಎಲ್ಲ ಅವಳೇ ನೋಡ್ಕೊಳ್ತಾಳೆ."

ನಾನು ರಿಜಿಸ್ಟರಿನಲ್ಲಿ ಸಹಿ ಹಾಕಿದೆ. ನನ್ನ ಸಹಿ ನೋಡಿದರೆ ಯಾರೂ ಅನುಮಾನಪಡುವಂತಿರಲಿಲ್ಲ. ಕೊನೆಯ ಅಕ್ಷರಕ್ಕೆ ಬಾಲ ಹಾಕಿ, ಆ ಬಾಲವನ್ನು ಹಿಂದಕ್ಕೆ ತಿರುಗಿಸಿ, ಇಡೀ ಹೆಸರಿನ ಕೆಳಗೆ ಎಳೆದು, ಎರಡು ಚುಕ್ಕೆ ಇಡುತ್ತಿದ್ದೆ. ಅದಕ್ಕೆ ಜಾಗ ಜಾಸ್ತಿ ಬೇಕು. ಟೀಚರ್ ನೋಡಿ, "ಹೆಡ್‌ಮಾಸ್ಟರ್ ಸಹಿ ಇದ್ದಂಗಿದೆಯಲ್ರೀ" ಎಂದು ನಕ್ಕರು. ಆ ದಿನವಿಡೀ ನಾನು ನೆಲದ ಮೇಲೆ ನಡೆಯಲಿಲ್ಲ.

ಶಾಲೆಯ ನಿಯಮಗಳೆಂದರೆ ನನಗೆ ಸಂಭ್ರಮ. ನಾನು ಮಗುವಾಗಿದ್ದಾಗ ಅರ್ಧಕ್ಕೇ ತಪ್ಪಿದ ಶಾಲೆ ಈಗ ಗೇಟಿನವರೆಗೆ ಸಿಕ್ಕಿತ್ತು. ಸೋಮವಾರ ಉಗುರು ನೋಡುತ್ತಾರೆ. ಶನಿವಾರ ಬೆಳಿಗ್ಗೆಯೇ ಶಾಲೆ. ಪ್ಯಾಕೆಟ್ ತಿಂಡಿ ತರುವ ಹಾಗಿಲ್ಲ. ಹುಟ್ಟುಹಬ್ಬಕ್ಕೆ ಚಾಕಲೇಟು ಹಂಚಬಾರದು, ಒಂದು ಹೂವಿನ ಗಿಡ ತರಬಹುದು. ರಜೆ ಮಾಡಿದರೆ ಮಾರನೆಯ ದಿನ ಚೀಟಿ. ಸಂಜೆ ಗೇಟಿನಲ್ಲಿ ಟೀಚರ್ ನಿಂತು, ರಿಜಿಸ್ಟರಿನಲ್ಲಿ ಹೆಸರಿದ್ದವರ ಕೈಗೇ ಮಗುವನ್ನು ಕೊಡುತ್ತಿದ್ದರು. ಒಂದು ದಿನ ನನಗೆ ತಡವಾಯಿತೆಂದು ಪಕ್ಕದ ಮನೆಯಾಕೆ ಕರೆಯಲು ಹೋದರೆ ನಮ್ಮ ಪುಟ್ಟಿಯೇ ಕೈಕಟ್ಟಿ ನಿಂತು, "ನಿಮ್ಮ ಹೆಸ್ರು ಪುಸ್ತಕದಲ್ಲಿ ಇಲ್ಲ, ನಾ ಬರದಿಲ್ಲ" ಎಂದಳಂತೆ. ಆಕೆ ಒಂದು ವಾರ ನಮ್ಮನ್ನು ಮಾತಾಡಿಸಲಿಲ್ಲ.

ಈ ನಿಯಮಗಳೆಲ್ಲ ನನಗೆ ತಿಳಿದದ್ದು ಪುಟ್ಟಿಯ ಬಾಯಿಂದ. ದಾರಿಯುದ್ದಕ್ಕೂ ಅವಳು ಹೇಳುತ್ತಿದ್ದಳು, ನಾನು ನೆನಪಿಟ್ಟುಕೊಳ್ಳುತ್ತಿದ್ದೆ. ಡೈರಿಯಲ್ಲಿ ಟೀಚರ್ ಬರೆದದ್ದರ ಕೆಳಗೆ ದಿನಾ ಬಾಲದ ಸಹಿ ಹಾಕುತ್ತಿದ್ದೆ. ರಾತ್ರಿ ಊಟಕ್ಕೆ ಕೂತಾಗ ತಂಗಿ ಕೇಳುವಳು, "ಅಕ್ಕ, ಇವತ್ತು ಎಂತ ಬರ್ದಿದಾರೆ?"

ದಿನವಿಡೀ ಬೇರೆಯವರ ಹಾಸಿಗೆ ಕೊಡವಿ, ನೆಲ ಒರೆಸಿ, ಸೊಂಟ ಹಿಡಿದುಕೊಂಡು ಬಂದವಳು. ಅವಳ ಮುಖ ನೋಡಿದರೆ ನನ್ನ ನಾಲಿಗೆ ಹಳೆಯ ಚಾಳಿಗೆ ಹೋಗುತ್ತಿತ್ತು. ಡೈರಿ ತೆರೆದು ಬೆರಳಿಟ್ಟು ಶುರುಮಾಡುತ್ತಿದ್ದೆ: "ಇವತ್ತು ನಿಮ್ಮ ಮಗಳು ಕಾಗೆ ಕೂಗಿದ ಹಾಗೆ ಕೂಗಿದಳು. ನಿಜವಾದ ಕಾಗೆಗಳೇ ಕಿಟಕಿಗೆ ಬಂದು ಕೂತವು."

"ಅಯ್ಯಬ್ಬಾ! ಟೀಚರ್ ಹಂಗೆ ಬರ್ದಿದಾರಾ?"

"ಇಲ್ಲಿ ನೋಡು ಮಾರಾಯ್ತಿ, ಕಿಟಕಿ ಅಂತನೇ ಇದೆ" ಎಂದು ದೂರದಿಂದ ತೋರಿಸಿ ಡೈರಿ ಮುಚ್ಚುತ್ತಿದ್ದೆ. ತಂಗಿ ತಟ್ಟೆ ಹಿಡಿದುಕೊಂಡೇ ನಗುತ್ತಿದ್ದಳು. ಪುಟ್ಟಿಗೂ ಅನುಮಾನ ಬರಲಿಲ್ಲ. ಅವಳು ಕಾಗೆಯ ಹಾಗೆ ಕೂಗಿದ್ದು ನಿಜವೇ ಆಗಿತ್ತು.

ಆ ಹಾಳೆ ಬಂದದ್ದು ಜುಲೈಯಲ್ಲಿ. ಶಾಲೆಯ ಊಟದ ಜೊತೆ ಮಕ್ಕಳಿಗೆ ಮೊಟ್ಟೆ ಕೊಡುತ್ತಿದ್ದರು, ತಿನ್ನದವರಿಗೆ ಬಾಳೆಹಣ್ಣು. ಯಾವುದು ಬೇಕೋ ಅದರ ಚೌಕದೊಳಗೆ ಮನೆಯವರು ಸಹಿ ಮಾಡಿ ಕಳಿಸಬೇಕಿತ್ತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಪುಟ್ಟಿ ಹೇಳಿದ್ದು ಇಷ್ಟೇ: "ಊಟದ್ದು ದೊಡ್ಡಮ್ಮ, ಸಹಿ ಹಾಕ್ಬೇಕಂತೆ."

"ಸರಿಯಾಗಿ ಓದಿದ್ಯನೇ ಅಕ್ಕ?" ತಂಗಿ ಒಳಗಿನಿಂದ ಕೂಗಿದಳು.

"ಓದ್ದೆ, ಓದ್ದೆ. ಎರಡು ಸಲ."

ಹಾಳೆಯಲ್ಲಿ ಎರಡು ಚೌಕಗಳಿದ್ದವು. ಮೇಲಿನದು ಇಕ್ಕಟ್ಟು, ನನ್ನ ಬಾಲ ಅದರಲ್ಲಿ ಹಿಡಿಸುವಂತಿರಲಿಲ್ಲ. ಕೆಳಗಿನದು ಅಗಲವಾಗಿತ್ತು. ಕೆಳಗಿನದರಲ್ಲಿ ಹಾಕಿದೆ. ಎರಡು ಚುಕ್ಕೆಯೂ ಆರಾಮಾಗಿ ಕೂತವು.

ಎರಡು ವಾರ ಕಳೆದಿರಬೇಕು, ಶಾಲೆಯಿಂದ ಬರುವ ದಾರಿಯಲ್ಲಿ ಪುಟ್ಟಿ ಕೇಳಿದಳು, "ದೊಡ್ಡಮ್ಮ, ನಂಗೆ ಎಂತಕ್ಕೆ ಮೊಟ್ಟೆ ಬೇಡ ಅಂತ ಬರ್ದಿದೀಯ?"

"ಯಾರು ಹೇಳಿದ್ದು?"

"ಟೀಚರ್. ನಾ ಬಾಳೆಹಣ್ಣಿನ ಸಾಲಲ್ಲಿ ನಿಲ್ಲದು. ಮೊಟ್ಟೆ ಸಾಲು ಆಚೆ ಕಡೆ."

ಭಾನುವಾರ ಮೊಟ್ಟೆ ಸಾರು ಮಾಡಿದರೆ ತಟ್ಟೆ ನೆಕ್ಕುವ ಮಗು ಅದು. ನನಗೆ ಆ ಅಗಲವಾದ ಚೌಕ ಕಣ್ಣ ಮುಂದೆ ಬಂತು. ಮಾರನೆಯ ದಿನವೇ ಟೀಚರಿಗೆ ಹೇಳಬೇಕೆಂದು ಹೋದೆ. ಬಾಗಿಲಲ್ಲಿ ನಿಂತವಳು, "ನಾಳೆ ಶನಿವಾರ ಅಲ್ವಾ ಟೀಚರೇ, ಬೆಳಿಗ್ಗೆ ಶಾಲೆ ಅಲ್ವಾ" ಎಂದು ಕೇಳಿ ಬಂದೆ. ಇನ್ನೊಂದು ದಿನ ಹೋಗಿ ಗೇಟಿನ ಹತ್ತಿರದ ದಾಸವಾಳ ಯಾವ ಬಣ್ಣದ್ದು ಎಂದು ವಿಚಾರಿಸಿದೆ. ಅದು ನನ್ನ ಕಣ್ಣೆದುರೇ ಕೆಂಪಗೆ ಅರಳಿತ್ತು. ಹೇಳಬೇಕಾದದ್ದು ಒಂದೇ ಮಾತು: ನಾನು ಓದದೆ ಸಹಿ ಹಾಕಿದೆ. ಅದನ್ನು ಹೇಳಿದರೆ ಸಂಜೆಯೊಳಗೆ ತಂಗಿಗೆ ತಿಳಿಯುತ್ತಿತ್ತು.

"ಹೇಳಿದ್ಯಾ ದೊಡ್ಡಮ್ಮ?"

"ಹೇಳ್ದೆ. ಮುಂದಿನ ತಿಂಗಳಿಂದ ಕೊಡ್ತಾರಂತೆ. ಅಮ್ಮಂಗೆ ಈಗಲೇ ಹೇಳ್ಬೇಡ, ಆಮೇಲೆ ಹೇಳಿ ಖುಷಿ ಮಾಡನ."

ಈ ಸುಳ್ಳು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಪುಟ್ಟಿ ನಂಬಿದಳು. ಆಗಸ್ಟ್ ಮೊದಲ ದಿನ ತಟ್ಟೆಯನ್ನು ಎರಡು ಸಲ ಉಜ್ಜಿ ತೊಳೆದುಕೊಂಡು ಹೋದಳು. ಸೆಪ್ಟೆಂಬರಿನಲ್ಲೂ ಹಾಗೇ ಮಾಡಿದಳು. ಅಕ್ಟೋಬರಿನಲ್ಲಿ ಒಂದೇ ಸಲ ತೊಳೆದಳು.

ನವೆಂಬರಿನಲ್ಲಿ ಪೋಷಕರ ಸಭೆ. ಅದನ್ನು ಪುಟ್ಟಿಯೇ ಅಮ್ಮನಿಗೆ ಹೇಳಿಬಿಟ್ಟಿದ್ದಳು. ತಂಗಿ ಲಾಡ್ಜಿಗೆ ರಜೆ ಹಾಕಿ, ಮದುವೆಗೆ ಹೋಗುವ ಸೀರೆ ಉಟ್ಟು ಬಂದಳು. ಒಂದನೆಯ ತರಗತಿಯ ಪುಟ್ಟ ಪುಟ್ಟ ಬೆಂಚುಗಳಲ್ಲಿ ನಾವೆಲ್ಲ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದೆವು. ಟೀಚರ್ ರಜಾ ಚೀಟಿಯ ವಿಷಯ, ಉಗುರಿನ ವಿಷಯ ಹೇಳಿ ಮುಗಿಸಿ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದರು. ತಂಗಿ ಎದ್ದು ನಿಂತಳು.

"ಕೇಳದು ಎಂತ ಇಲ್ಲ ಟೀಚರೇ, ಥ್ಯಾಂಕ್ಸ್ ಹೇಳ್ಬೇಕು. ದಿನಾ ಡೈರೀಲಿ ನಮ್ಮ ಪುಟ್ಟಿ ಬಗ್ಗೆ ಎಷ್ಟು ಚೆಂದ ಬರೀತೀರಿ! ಆ ಕಾಗೆ ವಿಷ್ಯ ಬರ್ದಿದ್ರಲ್ಲ, ನಮ್ಮ ಲಾಡ್ಜಲ್ಲಿ ಎಲ್ಲರಿಗೂ ಹೇಳ್ದೆ."

"ಯಾವ ಕಾಗೆ?" ಎಂದರು ಟೀಚರ್.

ನಾನು ಬೆಂಚಿನ ಕೆಳಗೆ ತಂಗಿಯ ಸೀರೆ ಜಗ್ಗಿದೆ. ಅವಳು ತಿರುಗಿಯೂ ನೋಡಲಿಲ್ಲ. ಟೀಚರ್ ನಮ್ಮ ಪಕ್ಕ ಕೂತಿದ್ದ ಪುಟ್ಟಿಯ ಚೀಲದಿಂದ ಡೈರಿ ತೆಗೆದು ತಂಗಿಯ ಕೈಗೆ ಕೊಟ್ಟರು. ತಂಗಿ ಒಂದು ಪುಟ ತೆರೆದು ಗಟ್ಟಿಯಾಗಿ ಓದಿದಳು: "ಮಗುವಿನ ತೂಕ ವಯಸ್ಸಿಗೆ ತಕ್ಕಷ್ಟಿಲ್ಲ. ಮೊಟ್ಟೆ ಬೇಡವೆಂದು ಸಹಿ ಮಾಡಿದ್ದೀರಿ. ದಯವಿಟ್ಟು ಇನ್ನೊಮ್ಮೆ ಯೋಚಿಸಿ ತಿಳಿಸಿ." ಇನ್ನೊಂದು ಪುಟದಲ್ಲಿ ಅದೇ ಮಾತು. ಮತ್ತೊಂದು ಪುಟದಲ್ಲಿ, ತಾಯಿ ಒಮ್ಮೆ ಬಂದು ಭೇಟಿಯಾಗಲಿ ಎಂದು. ಪ್ರತಿಯೊಂದರ ಕೆಳಗೂ ನನ್ನ ಸಹಿ, ಬಾಲ, ಎರಡು ಚುಕ್ಕೆ.

"ಉತ್ತರ ಬರ್ಲಿಲ್ಲ ಅಂತ ಮನೇಲಿ ಏನೋ ವ್ರತ ಇರ್ಬೇಕು ಅಂದ್ಕೊಂಡೆ" ಎಂದರು ಟೀಚರ್.

"ವ್ರತನಾ? ನಮ್ಮನೇಲಿ ಭಾನುವಾರ ಮೊಟ್ಟೆ ಸಾರಿಗೆ ಜಗಳ ಆಗ್ತದೆ ಟೀಚರೇ!"

ಎಲ್ಲರೂ ನಕ್ಕರು. ಪುಟ್ಟಿ ಮಾತ್ರ ಟೀಚರಿಗೆ ಸಮಾಧಾನ ಹೇಳುವವಳ ಹಾಗೆ, "ಮುಂದಿನ ತಿಂಗಳು ಕೊಡ್ತೀರಲ್ಲ? ದೊಡ್ಡಮ್ಮ ನಿಮ್ಮತ್ರ ಹೇಳಿದಾಳೆ" ಎಂದಳು.

ಟೀಚರ್ ನನ್ನ ಕಡೆ ನೋಡಿದರು. ತಂಗಿಯೂ ನೋಡಿದಳು. ಡೈರಿಯನ್ನು ನೋಡಿ, ಮತ್ತೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿದದ್ದು ಆ ಎರಡನೆಯ ನೋಟದಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಅವಳು ಟೀಚರ್ ಕಡೆ ತಿರುಗಿ, "ಸಹಿ ಮಾಡೋವಾಗ ಜಾಗ ತಪ್ಪಿದೆ. ನಮ್ಮಕ್ಕನ ಕನ್ನಡಕ ಬದಲಾಯಿಸ್ಬೇಕು" ಎಂದಳು.

ನನಗೆ ಕನ್ನಡಕವೇ ಇಲ್ಲ.

ಟೀಚರ್ ಹೊಸ ಹಾಳೆ ಕೊಟ್ಟರು. ತಂಗಿ ನನ್ನ ಪಕ್ಕ ಕೂತು, ಒಂದೊಂದು ಸಾಲಿಗೂ ಬೆರಳಿಟ್ಟು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಓದಿ ಹೇಳಿದಳು. ಕೊನೆಗೆ ಬೆರಳು ಮೇಲಿನ ಚೌಕದ ಮೇಲೆ ನಿಂತಿತು. ನಾನು ಬಾಲವಿಲ್ಲದೆ ಸಹಿ ಹಾಕಿದೆ. ಸೋಮವಾರದಿಂದ ಪುಟ್ಟಿ ಆಚೆಯ ಸಾಲು.

ಆ ದಿನ ಮನೆಗೆ ಹೋಗುವಾಗ ಪುಟ್ಟಿ ಮುಂದೆ ಮುಂದೆ ಕಾಗೆಯ ಹಾಗೆ ಕೂಗುತ್ತ ಓಡುತ್ತಿದ್ದಳು. ತಂಗಿ ನನ್ನ ಪಕ್ಕ ನಡೆಯುತ್ತಿದ್ದಳು. ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಮೋರಿ ಕಟ್ಟೆಯ ಹತ್ತಿರ ಬಂದಾಗ ಅವಳು ಥಟ್ಟನೆ ನಿಂತಳು.

"ಅಕ್ಕ, ಹಂಗಾದ್ರೆ ಆ ಎಮ್ಮೆ?"

"ಯಾವ ಎಮ್ಮೆ?"

"ಎನ್.ಆರ್.ಪುರದ ಬಸ್ ಹತ್ತಿದ್ದು! ಅರ್ಧ ಟಿಕೆಟ್ ಕೇಳಿದ್ದು! ನಾಲ್ಕನೇ ಕ್ಲಾಸಲ್ಲಿ ಒಂದು ಸುದ್ದಿ ಹೇಳಿ ಅಂದಾಗ ಎದ್ದು ನಿಂತು ಅದನ್ನೇ ಹೇಳಿದ್ದೆ ಮಾರಾಯ್ತಿ. ಇಡೀ ಕ್ಲಾಸು ನಕ್ಕಿತು. ನಮ್ಮಕ್ಕ ಪೇಪರಲ್ಲಿ ಓದಿದಾಳೆ ಅಂತ ಒಬ್ಬಳ ಜಡೆ ಹಿಡಿದು ಜಗಳ ಮಾಡಿದ್ದೆ!"

ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು. ಸೀರೆಯ ಚಿಂತೆಯಿಲ್ಲದೆ ಕಟ್ಟೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ಕೂತೆ. ನನಗೂ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಪುಟ್ಟಿ ಓಡಿ ವಾಪಸು ಬಂದು ನಮ್ಮಿಬ್ಬರ ಮಧ್ಯೆ ನಿಂತು, ಯಾಕೆ ನಗುವುದು ಎಂದು ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದಳು. ನಾನು ಒಂದು ಕೈಯಲ್ಲಿ ಅವಳ ಕೈ ಹಿಡಿದೆ, ಇನ್ನೊಂದರಲ್ಲಿ ತಂಗಿಯದು.

"ಎಮ್ಮೆನೂ ಸುಳ್ಳು, ಕಿಟಕಿಗೆ ಬಂದ ಕಾಗೆನೂ ಸುಳ್ಳು" ಎಂದೆ. "ಪುಟ್ಟಿ, ನಾ ಟೀಚರತ್ರ ಮೊಟ್ಟೆ ವಿಷ್ಯ ಹೇಳೇ ಇರ್ಲಿಲ್ಲ." ಆಮೇಲೆ ತಂಗಿಯ ಕಡೆ ತಿರುಗಿದೆ. "ನಂಗೆ ಓದಕ್ಕೆ ಬರದಿಲ್ಲ ಕಣೆ. ನಿನ್ನ ಹತ್ರ ಹೇಳಕ್ಕೆ ನಾಚ್ಕೆ ಆಗಿ ಮಗುವಿನ ಊಟಕ್ಕೆ ಕಲ್ಲು ಹಾಕ್ದೆ. ಇಬ್ಬರೂ ನನ್ನ ಕ್ಷಮಿಸಿ. ತಪ್ಪಾಯ್ತು."