ಮೌದಾಕ್ಕೆ ಒಂದು ತಾಲೀಮು

ಭಾನುವಾರ ಬೆಳಿಗ್ಗೆ ಗಣೇಶಪೇಟೆಯ ಬಸ್‌ಸ್ಟ್ಯಾಂಡಿನಿಂದ ನಾವು ಹೊರಟೆವು. ನಾವು ಎಂದರೆ ನಾನು ಮತ್ತು ಕಮಲತ್ತೆ. ಹೋಗಬೇಕಾಗಿದ್ದುದು ಮೌದಾಕ್ಕೆ, ನಾಗಪುರದಿಂದ ಪೂರ್ವಕ್ಕೆ, ಭಂಡಾರಾ ರಸ್ತೆಯಲ್ಲಿ, ಮೂವತ್ತೈದು ಕಿಲೋಮೀಟರಿನ ಆಚೀಚೆ. ನೋಡಲೇಬೇಕು ಅನ್ನುವಂಥದ್ದು ಅಲ್ಲಿ ಏನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ದೊಡ್ಡದೊಂದು ಉಷ್ಣ ವಿದ್ಯುತ್ ಸ್ಥಾವರವಿದೆ. ಅದರ ಪ್ರಯೋಗಾಲಯದಲ್ಲಿ ನಾನು ನೀರು ಪರೀಕ್ಷೆ ಮಾಡುವ ಕೆಮಿಸ್ಟ್. ನಾಲ್ಕು ವರ್ಷ ಈ ರಸ್ತೆಯಲ್ಲೇ ಓಡಾಡಿದ್ದೇನೆ. ಆದರೂ ಇದನ್ನು ಪ್ರವಾಸ ಅನ್ನುತ್ತಿದ್ದೇನೆ, ಯಾಕೆಂದರೆ ಮೂರು ತಿಂಗಳಿನಿಂದ ನಾನು ಲಕ್ಷ್ಮೀ ನಗರದ ಮನೆ ಮತ್ತು ರಾಮದಾಸಪೇಟೆಯ ಆಸ್ಪತ್ರೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ನನ್ನ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣುಗಳಾಗಿವೆ. ಕಾಯಿಲೆಯ ಹೆಸರು ಅಲ್ಸರೇಟಿವ್ ಕೊಲೈಟಿಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ಯಾಕೆ ಎಂದು ಕೇಳಿದೆ. ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎಂದರು. ವಾಸಿಯಾಗುತ್ತದೆಯೇ ಎಂದೆ. ತಣ್ಣಗಿಡಬಹುದು, ಬಹಳ ವರ್ಷ ತಣ್ಣಗಿಡಬಹುದು ಎಂದರು. ದಿನಾ ಮೆಸಲಮೈನ್ ಗುಳಿಗೆ, ಮಲಗುವ ಮುಂಚೆ ಹಿಂದಿನಿಂದ ಏರಿಸಿಕೊಳ್ಳುವ ಒಂದು ದ್ರವ, ಜೊತೆಗೆ ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬರಬೇಕಾದ ಸ್ಟೀರಾಯ್ಡ್. ರಕ್ತ ಹೋಗುವುದು ನಿಂತಿದೆ. ಮುಖ ಉಬ್ಬಿ ಕನ್ನಡಿಯಲ್ಲಿ ಬೇರೆ ಯಾರೋ ಕಾಣಿಸುತ್ತಾರೆ. ಕೆಲವು ಬೆಳಿಗ್ಗೆ ಎದ್ದಾಗ ಏನು ಬೇಕಾದರೂ ಮಾಡಬಲ್ಲೆ ಅನ್ನಿಸುತ್ತದೆ. ಆ ಹುಮ್ಮಸ್ಸು ನನ್ನದೋ ಮಾತ್ರೆಯದೋ ತಿಳಿಯುವುದಿಲ್ಲ.

ರಜೆ ಮುಗಿದಿತ್ತು. ಸೋಮವಾರ ಕೆಲಸಕ್ಕೆ ಹಾಜರಾಗಬೇಕು, ಇಲ್ಲವೇ ಕೆಲಸ ಬಿಡಬೇಕು. ಪ್ರಯೋಗಾಲಯದಲ್ಲಿ ಶೌಚಾಲಯ ಹತ್ತಿರವೇ ಇದೆ, ಅಲ್ಲಿ ಹೆದರಿಕೆಯಿಲ್ಲ. ಹೆದರಿಕೆ ಸ್ಟಾಫ್ ಬಸ್ಸಿನದು. ಲಕ್ಷ್ಮೀ ನಗರದ ಚೌಕದಲ್ಲಿ ಹತ್ತಿದರೆ ಸ್ಥಾವರದ ಗೇಟಿನವರೆಗೆ ಒಂದು ಗಂಟೆಗೂ ಹೆಚ್ಚು. ನಡುವೆ ನಿಲ್ಲಿಸುವ ಪದ್ಧತಿಯಿಲ್ಲ. ನನಗೆ ಅವಸರವಾದರೆ ಐದು ನಿಮಿಷ ತಡೆಯಲಾಗುವುದಿಲ್ಲ. ರೈಲ್ವೆಯಲ್ಲಿರುವ ನನ್ನ ಗಂಡ ಶಶಿಧರ, ಭಾನುವಾರ ಕಾರಿನಲ್ಲಿ ಒಮ್ಮೆ ಹೋಗಿಬಂದು ನೋಡೋಣ ಅಂದಿದ್ದ. ಅಷ್ಟರಲ್ಲಿ ಅವನಿಗೆ ಡ್ಯೂಟಿ ಬಿತ್ತು.

“ಕಾರಿನಾಗ ಅದೇನ್ ತಾಲೀಮು?” ಅಂದವರು ಕಮಲತ್ತೆ. “ಅಂವಾ ಗಂಡ, ಕಣ್ಣ ಸನ್ನಿ ಮಾಡಿದ್ರ ನಿಲ್ಲಸ್ತಾನ. ಬರೋಬರ್ ತಾಲೀಮ್ ಆಗಬೇಕಂದ್ರ ಸರ್ಕಾರಿ ಲಾಲ್ ಬಸ್ಸಿನಾಗ ಹೋಗಬೇಕು. ಗುರ್ತಿಲ್ಲದವರ ಮುಂದ ಬಾಯಿ ಬಿಟ್ಟು ಕೇಳಬೇಕು. ನಡಿ, ನಾ ಬರ್ತೀನಿ.”

ಕಮಲತ್ತೆ ಶಶಿಧರನ ಸೋದರತ್ತೆ. ಬಾಗಲಕೋಟೆ ಕಡೆಯವರು. ಅವರ ಯಜಮಾನರು ಅಂಬಾಝರಿ ಕಡೆಯ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿದ್ದರು. ಮದುವೆಯಾಗಿ ಬಂದಾಗಿನಿಂದ ಈ ಊರೇ ಅವರ ಊರು. ಅವರ ಮಾತಿನಲ್ಲಿ ಬಾಗಲಕೋಟೆ ಎಷ್ಟು, ನಾಗಪುರ ಎಷ್ಟು ಎಂದು ಮೈಸೂರಿನವಳಾದ ನನಗೆ ಇನ್ನೂ ಬಿಡಿಸಲಾಗಿಲ್ಲ. ನನ್ನ ಕಾಯಿಲೆ ಈ ಊರಿನ ಉರಿಖಾರದ ಸಾವಜಿ ಮಸಾಲೆಯಿಂದ ಬಂತು ಎಂದು ಅವರ ದೃಢ ನಂಬಿಕೆ. ಆಹಾರದಿಂದ ಬಂದದ್ದಲ್ಲ ಎಂದು ಡಾಕ್ಟರು ಹೇಳಿದ್ದನ್ನು ತಿಳಿಸಿದರೆ, “ಆ ಡಾಕ್ಟರ್ ಸಾವಜಿ ತಿಂದಿರಂಗಿಲ್ಲ” ಅಂದರು.

ಬಸ್ಸಿನಲ್ಲಿ ಬಾಗಿಲ ಬಳಿಯ ಸೀಟು ಹಿಡಿದೆವು. ಫೆಬ್ರುವರಿ ಮುಗಿಯುತ್ತಿತ್ತು, ಬಿಸಿಲಿಗೆ ಆಗಲೇ ಚುರುಕು ಬಂದಿತ್ತು. ಕಂಡಕ್ಟರ್ ಹೆಂಗಸು, ಖಾಕಿ ಅಂಗಿ, ಬಿಗಿಯಾಗಿ ಕಟ್ಟಿದ ತುರುಬು. ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೀಟು. “ನಾವಿಬ್ರೂ ಕೂಡಿ ಒಬ್ಬ ಗಂಡಸು” ಎಂದು ಕಮಲತ್ತೆ ಟಿಕೀಟುಗಳನ್ನು ರವಿಕೆಯೊಳಗಿನ ಚೀಲಕ್ಕೆ ಸೇರಿಸಿದರು. ಹೊರಡುವ ಮುಂಚೆ ಕಿಟಕಿಯಿಂದ ಕಿತ್ತಳೆ ಕೊಂಡರು. ನಾನು ತಿನ್ನಬಹುದೇ ಬಾರದೇ ಎಂಬ ಬಗ್ಗೆ ಮನೆಯಲ್ಲಿ ಮೂರು ಅಭಿಪ್ರಾಯಗಳಿವೆ. ಅವರು ಪ್ರತಿ ತೊಳೆಯ ಸಿಪ್ಪೆ ಸುಲಿದು, ಬೀಜ ತೆಗೆದು ಅಂಗೈ ಮೇಲಿಟ್ಟು ಹಿಡಿದರು. ಬೇಡ ಎಂದೆ. ಯಾಕೆ ಬೇಡ ಎಂದು ಹೇಳಲಿಲ್ಲ.

ಪಾರಡಿ ದಾಟಿದ ಮೇಲೆ ನಾನು ರಸ್ತೆ ನೋಡುವುದಕ್ಕೆ ಶುರುಮಾಡಿದೆ. ಎಡಕ್ಕೆ ಒಂದು ಪೆಟ್ರೋಲ್ ಪಂಪು, ಹಿಂದೆ ನೀಲಿ ಬಾಗಿಲು. ಬಲಕ್ಕೆ ಒಂದು ಢಾಬಾ, ಹೊರಗೆ ನೀರಿನ ಡ್ರಮ್ಮು, ಆದರೆ ಬಾಗಿಲು ಕಾಣಲಿಲ್ಲ. ಲಾರಿಗಳ ಗೋದಾಮು, ಮತ್ತೆ ಗೋದಾಮು. ಟೋಲ್ ನಾಕೆಯ ಪಕ್ಕ ಮಹಿಳೆಯರ ಚಿತ್ರವಿರುವ ಒಂದು ಬಾಗಿಲು. ನಾಲ್ಕು ವರ್ಷ ಇದೇ ರಸ್ತೆಯಲ್ಲಿ ಕಿಟಕಿಯ ಬದಿ ಕೂತು ನಾನು ಏನು ನೋಡಿದ್ದೆ? ಕನ್ಹಾನ್ ನದಿ ನೆನಪಿದೆ. ಹತ್ತಿ ಹೊಲ ನೆನಪಿತ್ತು. ಅದು ಹತ್ತಿಯಲ್ಲ, ತೊಗರಿ ಎಂದು ಈಗ ಕಂಡಿತು. ಅಥವಾ ಈ ವರ್ಷ ಬೆಳೆ ಬದಲಾಗಿರಬಹುದು.

ನಾನು ಹುಡುಕುತ್ತಿದ್ದುದು ಒಂದು ಬೇವಿನ ಮರವನ್ನು. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಸ್ಟಾಫ್ ಬಸ್ಸಿನಲ್ಲಿ ನನಗೆ ತಡೆಯಲಾರದೆ, ಬಸ್ಸು ನಿಲ್ಲಿಸಿ ಎಂದು ಕೇಳಿ, ದೊಡ್ಡ ಬೇವಿನ ಮರವಿದ್ದ ಪೆಟ್ರೋಲ್ ಪಂಪಿನಲ್ಲಿ ಇಳಿದಿದ್ದೆ. ಮತ್ತೆ ಹತ್ತುವಾಗ ಇಡೀ ಬಸ್ಸು ನಗುತ್ತಿತ್ತು. ಆ ನಗುವೇ ನನ್ನನ್ನು ಮನೆಯಲ್ಲಿ ಕೂರಿಸಿದ್ದು, ಕಾಯಿಲೆಗಿಂತ ಹೆಚ್ಚಾಗಿ. ಕಾಯಿಲೆ ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದಾಗಲೂ ಆ ದಿನವನ್ನೇ ಹೇಳಿದ್ದೆ. ಹೊರಗೆ ಬಂದ ಮೇಲೆ ಶಶಿಧರ, “ಆವತ್ತು ಗೇಟ್‌ವರೆಗೂ ತಡ್ಕೊಂಡೆ ಅಂದಿದ್ಯಲ್ಲ ನನ್ಹತ್ರ? ಬಸ್ ನಿಲ್ಸಿದ್ರು ಅಂತ ಯಾವಾಗ ಹೇಳ್ದೆ?” ಅಂದ. ನಾನು ಹಾಗೆ ಅವನಿಗೆ ಹೇಳಿದ್ದು ನನಗೆ ನೆನಪಿಲ್ಲ. ಬೇವಿನ ಮರವಿರುವ ಪಂಪು ಈ ರಸ್ತೆಯಲ್ಲಿ ಸಿಗಲೂ ಇಲ್ಲ.

ಮೌದಾ ಬಂತು. ಏನೂ ಆಗಲಿಲ್ಲ. ಹೊಟ್ಟೆ ಒಮ್ಮೆಯೂ ಮಾತಾಡಲಿಲ್ಲ. ಬಸ್ಸಿನಿಂದ ಇಳಿದು ನಾನು ಗೆದ್ದವಳ ಹಾಗೆ ನಕ್ಕೆ. ಕಮಲತ್ತೆ ನಗಲಿಲ್ಲ.

“ನಿನ್ನೆ ರಾತ್ರಿ ಉಂಡ್ಯಾ?”

“ಇಲ್ಲ.”

“ಬೆಳಿಗ್ಗೆ?”

“ಗುಳಿಗೆ ಇಳಿಯೋವಷ್ಟು ಬಾಳೆಹಣ್ಣು. ಆಮೇಲೆ ಏನೂ ಇಲ್ಲ. ನೀರೂ ಕುಡಿದಿಲ್ಲ, ಅತ್ತೆ.”

“ಹೊಟ್ಟಿ ಖಾಲಿ ಇಟಗೊಂಡು ಪಾಸಾದ್ರ ಅದೇನ್ ಪರೀಕ್ಷಾನ? ಪೇಪರ್ ಕೊಡೂಕಿಂತ ಮೊದಲ ಮಾರ್ಕ್ಸ್ ಹಾಕ್ಕೊಂಡಿ ನೀ. ಹಿಂಗ ದಿನಾ ಉಪಾಸ ಬಿದ್ದು ನೌಕ್ರಿ ಮಾಡಾಕಿ ಏನ?”

ಹೊತ್ತಿಗೆ ಸರಿಯಾಗಿ ತಿನ್ನಿ, ಶಕ್ತಿ ಬೇಕು ಎಂದು ಡಾಕ್ಟರೂ ಹೇಳಿದ್ದರು. ತಿಂದರೆ ಭಯ, ತಿನ್ನದಿದ್ದರೆ ಸುಸ್ತು. ಯಾವುದು ಜಾಣತನ ಎಂದು ಮೂರು ತಿಂಗಳಿನಿಂದ ಯೋಚಿಸುತ್ತಲೇ ಇದ್ದೇನೆ.

ವೈಶಾಲಿ ತಾಈ, ಅಂದರೆ ವೈಶಾಲಿ ಅಕ್ಕ, ನಮಗಾಗಿ ಸ್ಟ್ಯಾಂಡಿಗೆ ಬಂದಿದ್ದರು. ನಮ್ಮದೇ ಪ್ರಯೋಗಾಲಯದವರು, ಕಳೆದ ದೀಪಾವಳಿಯವರೆಗೆ ಅದೇ ಸ್ಟಾಫ್ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು, ಈಗ ಮೌದಾದಲ್ಲೇ ಮನೆ ಮಾಡಿದ್ದಾರೆ. ಅವರು ಮಾತಾಡಿದ್ದು ಮರಾಠಿ. ನನಗೆ ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಮನೆಯ ಜಗಲಿಯಲ್ಲಿ ಕಮಲತ್ತೆ ಡಬ್ಬಿ ಬಿಚ್ಚಿ, ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೊಸರು ಕಲಸಿ ನನ್ನ ಮುಂದಿಟ್ಟು, ಮುಗಿಯುವವರೆಗೆ ಕದಲದೆ ಕೂತರು. ನಾನು ತಿನ್ನುತ್ತ ಆ ಮಳೆಗಾಲದ ದಿನದ ಬಗ್ಗೆ ಕೇಳಿದೆ.

“ಬಸ್ಸು ನಿಂತಿತ್ತು, ಹೌದು,” ಎಂದರು ವೈಶಾಲಿ ತಾಈ. “ಆದರೆ ನೀನೆಲ್ಲಿ ಕೇಳಿದೆ? ನನ್ನ ಕಿವಿಯಲ್ಲಿ ಹೇಳಿದೆ, ಡ್ರೈವರನನ್ನು ಕೂಗಿದವಳು ನಾನು.”

“ಎಲ್ಲರೂ ನಕ್ಕರಲ್ಲ?”

“ನಗುವುದಾ? ತಡವಾಯಿತು ಅಂತ ಮುಖ ಗಂಟು ಹಾಕಿ ಕೂತಿದ್ದರು. ಒಬ್ಬರೂ ನಗಲಿಲ್ಲ.”

ನಗಲಿಲ್ಲ ಎಂದು ಕೇಳಿ ಹಗುರಾಗಬೇಕಿತ್ತು. ಆಗಲಿಲ್ಲ. ನಾನು ಅಷ್ಟು ಸ್ಪಷ್ಟವಾಗಿ ಕೇಳಿದ ನಗು ಹಾಗಾದರೆ ಎಲ್ಲಿಂದ ಬಂತು? ಅಥವಾ ಕಾಯಿಲೆಯವಳಿಗೆ ಸಮಾಧಾನವಾಗಲಿ ಎಂದು ತಾಈ ಹಾಗೆ ಹೇಳಿದರೋ? ಈಗ ನನ್ನ ಬಳಿ ಒಂದೇ ಬೆಳಗಿನ ಮೂರು ಕಥೆಗಳಿವೆ: ನಾನು ಕೇಳಿ ನಿಲ್ಲಿಸಿದ್ದು, ತಡೆದುಕೊಂಡಿದ್ದು, ಬೇರೆಯವರು ನಿಲ್ಲಿಸಿದ್ದು. ಮೂರರಲ್ಲೂ ನನಗೆ ಗಟ್ಟಿಯಾಗಿ ಗೊತ್ತಿರುವುದು ಹೊಟ್ಟೆಯ ನೋವು ಮಾತ್ರ.

ಮಧ್ಯಾಹ್ನ ಹಿಂದಿರುಗುವ ಬಸ್ಸು ಹತ್ತಿದಾಗ ಅದೇ ಡ್ರೈವರು, ಅದೇ ಕಂಡಕ್ಟರ್. ಭಂಡಾರಾಕ್ಕೆ ಹೋಗಿ ತಿರುಗಿ ಬಂದಿದ್ದರು. ಬಸ್ಸು ತುಂಬಿತ್ತು. ಬಾಗಿಲ ಬಳಿ ಜಾಗವಿಲ್ಲದೆ ನಡುವಿನಲ್ಲಿ ಕೂತೆವು. ನದಿ ದಾಟಿದೆವು. ಟೋಲ್ ನಾಕೆ ಹಿಂದಾದ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಎಡಗಡೆ ಹಿಂಡಿದಂತಾಯಿತು. ಮೊಸರನ್ನವೋ, ಭಯವೋ, ಕಾಯಿಲೆಯೋ ಗೊತ್ತಾಗಲಿಲ್ಲ. ಎರಡನೆಯ ಸಲ ಹಿಂಡಿದಾಗ ಮೈ ಬೆವರಿತು. ನಾನು ಕಮಲತ್ತೆಯ ಮೊಣಕೈ ಹಿಡಿದು, “ಅತ್ತೆ, ನೀವು ಹೇಳಿ” ಅಂದೆ.

ಅವರು ಕಿಟಕಿಯ ಕಡೆ ತಿರುಗಿದರು. “ನಾಳೆ ಸ್ಟಾಫ್ ಬಸ್ಸಿನಾಗ ನಾ ಇರಂಗಿಲ್ಲ. ವೈಶಾಲೀನೂ ಇರಂಗಿಲ್ಲ” ಅಂದರು.

ಸಿಟ್ಟು ಬಂತು. ಎದ್ದು ನಿಂತೆ. ಗಾಡಿ ನಿಲ್ಲಿಸಿ ಎಂದು ಮರಾಠಿಯಲ್ಲಿ ಹೇಳುವುದನ್ನು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಬಂದದ್ದು ಮಾತ್ರ ಕನ್ನಡ: “ನಿಲ್ಸಿ! ಸ್ವಲ್ಪ ನಿಲ್ಸಿ!”

ಬಸ್ಸಿನ ತಲೆಗಳೆಲ್ಲ ತಿರುಗಿದವು. ಕಂಡಕ್ಟರ್ ಹತ್ತಿರ ಬಂದು, “ಕಾಯ್ ಝಾಲಂ, ತಾಈ?” ಎಂದಳು. ಏನಾಯಿತು ಎಂದು ಹೇಳಬೇಕಾಗಿತ್ತು. ಹೊಟ್ಟೆ ಹಿಡಿದುಕೊಂಡು, “ಸಂಡಾಸ್. ಅರ್ಜೆಂಟ್. ಕಾಯಿಲೆ ಇದೆ ನನಗೆ” ಎಂದೆ, ಮೊದಲಿನ ಎರಡು ಮಾತು ಅವಳಿಗೆ ತಿಳಿದವು, ಅಷ್ಟೇ ಸಾಕಿತ್ತು. ಅವಳು ನನ್ನ ಉಬ್ಬಿದ ಮುಖವನ್ನು ಒಂದು ಕ್ಷಣ ನೋಡಿದಳು. ಹಗ್ಗ ಜಗ್ಗಿ ಗಂಟೆ ಹೊಡೆದು, ಪಂಪಿನ ಮುಂದೆ ನಿಲ್ಲಿಸು ಎಂದು ಡ್ರೈವರನಿಗೆ ಕೂಗಿದಳು. ಪಂಪಿನವರೆಗಿನ ಅರ್ಧ ಕಿಲೋಮೀಟರನ್ನು ನಾನು ಬಾಗಿಲ ಕಂಬಿ ಹಿಡಿದು ಹೇಗೆ ಕಳೆದೆನೋ ಬರೆಯಲಾರೆ. ರಸ್ತೆಯ ನಡುವಿನ ಗಿಡಗಳಾಚೆ ಬೆಳಿಗ್ಗೆ ಕಂಡ ನೀಲಿ ಬಾಗಿಲಿನ ಪಂಪು ಇತ್ತು. ನಾವು ನಿಂತದ್ದು ಈಚೆ ಬದಿಯ ಇನ್ನೊಂದರ ಮುಂದೆ. ಅಲ್ಲಿ ಒಂದೇ ಬಾಗಿಲು. ತೆರೆದಿತ್ತು. ತಲುಪಿದೆ.

ಹೊರಗೆ ಬಂದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಬಾಗಿಲ ಮುಂದೆ ಸಾಲು ನಿಂತಿತ್ತು. ಮೊದಲಿಗೆ ಕಂಡಕ್ಟರ್, ಅವಳ ಹಿಂದೆ ಹಸಿರು ಸೀರೆಯ ಒಬ್ಬ ಅಜ್ಜಿ, ಮಗು ಎತ್ತಿಕೊಂಡ ತಾಯಿ, ಬ್ಯಾಗು ತೂಗುಹಾಕಿಕೊಂಡ ಇಬ್ಬರು ಕಾಲೇಜು ಹುಡುಗಿಯರು, ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಮಲತ್ತೆ.

“ನೀವೂ?” ಎಂದೆ.

“ಮತ್ತ? ಮೌದಾದಿಂದ ಹಿಡಕೊಂಡ ಕುಂತೀನಿ. ನಿಲ್ಲಿಸಿದ ಬಸ್ಸು, ಬಿಡಾಕಾಗತೈತೇನ?”

ಕಂಡಕ್ಟರ್ ಹೊರಬರುತ್ತ ಕೈ ಒರೆಸಿಕೊಂಡು ನನ್ನ ಭುಜ ತಟ್ಟಿದಳು. ನಡುವೆ ಎಲ್ಲೂ ಇಳಿಯಲಾಗದೆಂದು ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ, ಡ್ಯೂಟಿಯ ದಿನ ಕುಡಿಯುವುದೇ ಇಲ್ಲ ಎಂದಳು. ಅಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಯಾರೋ ಗಂಡಸು, “ಕ್ಯಾ ಮೇಲಾ ಲಗಾ ಹೈ ಉಧರ್!” ಎಂದು ಕೂಗಿದ, ಅಲ್ಲೇನು ಜಾತ್ರೆ ನೆರೆದಿದೆಯೇ ಎಂಬಂತೆ. ಬಸ್ಸಿನೊಳಗೆ ನಗು ಎದ್ದಿತು. ಸಾಲಿನಲ್ಲಿದ್ದ ಅಜ್ಜಿ ತಿರುಗಿ, “ತೂ ಭೀ ಆ ಜಾ, ಲೈನ್ ಮೇ ಲಗ್!” ಎಂದು ಅವನನ್ನೂ ಸಾಲಿಗೆ ಕರೆದಳು. ಹುಡುಗಿಯರು ನಕ್ಕರು. ನಾನೂ ನಕ್ಕೆನೆಂದು ಕಮಲತ್ತೆ ಹೇಳುತ್ತಾರೆ. ನನಗೆ ನೆನಪಿರುವುದು ಅಜ್ಜಿಯ ಹಸಿರು ಸೀರೆ.

ಎಲ್ಲರೂ ಹತ್ತಿದ ಮೇಲೆ ಬಸ್ಸು ಹೊರಟಿತು. ಹಿಂದಿನ ಕಿಟಕಿಯಿಂದ ತಿರುಗಿ ನೋಡಿದೆ. ಪಂಪಿನ ಮೂಲೆಯಲ್ಲಿ, ಆ ಬಾಗಿಲಿಗೆ ನೆರಳು ಕೊಡುತ್ತ ಒಂದು ಮರ ನಿಂತಿತ್ತು. ಬೇವು ಎಂದು ಪ್ರಮಾಣ ಮಾಡಿ ಹೇಳಲಾರೆ. ಎಲೆ ಉದುರಿತ್ತು, ಬಸ್ಸು ಓಡುತ್ತಿತ್ತು. ಅದೂ ಅಲ್ಲದೆ, ಕೆಲಸಕ್ಕೆ ಹೋಗುವ ಬೆಳಗಿನ ಬಸ್ಸು ನಾಗಪುರಕ್ಕೆ ಹಿಂದಿರುಗುವ ಆ ಬದಿಯಲ್ಲಿ ನಿಲ್ಲುವುದು ಸಾಧ್ಯವೇ ಇಲ್ಲ.

ಮನೆಗೆ ಬಂದು ಕೈಕಾಲು ತೊಳೆದ ಕೂಡಲೇ ಇದನ್ನು ಬರೆಯಲು ಕೂತೆ. ನಾಳೆಗೆ ಈ ಪ್ರಯಾಣವೂ ಬೇರೆಯಾಗಿಬಿಡಬಹುದು. ಸಾಲಿನಲ್ಲಿ ಹತ್ತು ಜನ ಇದ್ದರು ಅನ್ನಬಹುದು, ನಾನು ಚೆಂದದ ಮರಾಠಿಯಲ್ಲಿ ಕೇಳಿದೆ ಅನ್ನಬಹುದು. ತಾಲೀಮು ಪಾಸೋ ಫೇಲೋ ಎಂದು ಈಗಲೂ ತಿಳಿಯದು. ತಡೆದುಕೊಳ್ಳಲಾಗಲಿಲ್ಲ. ಕೇಳಲಿಕ್ಕಾಯಿತು. ಎದ್ದು ನಿಲ್ಲಿಸಿದ್ದು ನಾನೋ, ಸ್ಟೀರಾಯ್ಡೋ, ಕಮಲತ್ತೆಯ ಮೇಲಿನ ಸಿಟ್ಟೋ, ಅದೂ ತಿಳಿಯದು.

ಅಡುಗೆಮನೆಯಿಂದ ಕಮಲತ್ತೆ ಕೇಳುತ್ತಿದ್ದಾರೆ: “ನಾಳೆ ಡಬ್ಬಿಗೆ ಏನ್ ಕಟ್ಟಲಿ? ಗೇಟ್ ಮುಟ್ಟಿದ ಮ್ಯಾಲ ತಿಂತೀಯಲ್ಲ?”

“ಡಬ್ಬಿ ಮಧ್ಯಾಹ್ನಕ್ಕೆ ಸಾಕು ಅತ್ತೆ,” ಎಂದೆ. “ಬೆಳಿಗ್ಗೇದು ಇಲ್ಲೇ ತಿಂದು ಬಸ್ ಹತ್ತುತ್ತೀನಿ.”