ಕೌದಿಯ ಹೊಟ್ಟೆಯಲ್ಲಿದ್ದ ರೊಟ್ಟಿ ಚೂರು

ತಂಗಿಯ ಫೋನ್ ಬಂದಾಗ ನಾನು ಎರಡನೇ ಪುಟದ ಪ್ರೂಫ್ ನೋಡುತ್ತಿದ್ದೆ. "ಅಣ್ಣ, ಒಂದು ಫೋಟೊ ಕಳಿಸಿದ್ದೇನೆ, ಈಗಲೇ ನೋಡು," ಅಂದಳು. ಹಳೆ ಸೀರೆ ತುಂಡುಗಳಿಂದ ಹೊಲಿದ ಸಣ್ಣ ಕೌದಿ. ಒಂದು ಮೂಲೆಯ ಹೊಲಿಗೆ ಬಿಚ್ಚಿತ್ತು. ಒಳಗೆ ಉಗುರಿನಷ್ಟು ಜೋಳದ ರೊಟ್ಟಿಯ ಚೂರು, ಅದರ ತುಂಬ ಇರುವೆ. ಕೆಳಗೆ ಕೊಂಡವರು ಹಿಂದಿಯಲ್ಲಿ ಬರೆದಿದ್ದರು: ಕೂಸಿಗೆಂದು ತರಿಸಿದೆವು, ಒಳಗೆ ಎಂಜಲು ತುಂಬಿ ಕಳಿಸಿದ್ದಾರೆ. ಕೊಟ್ಟದ್ದು ಒಂದೇ ನಕ್ಷತ್ರ.

ತಂಗಿ ಭಾಂಡುಪ್‌ನ ತನ್ನ ಫ್ಲ್ಯಾಟಿನ ಹಾಲ್‌ನಲ್ಲಿ ಕೂತು ಆನ್‌ಲೈನ್ ಮಾರುಕಟ್ಟೆಯೊಂದನ್ನು ನಡೆಸುತ್ತಾಳೆ. ಮನೆಯಲ್ಲಿ ಹೊಲಿಯುವ, ಹೆಣೆಯುವ, ಸಂಡಿಗೆ ಇಡುವ ಹೆಂಗಸರು ಫೋಟೊ ಕಳಿಸುತ್ತಾರೆ. ಅದನ್ನು ಸೈಟ್‌ಗೆ ಹಾಕುವುದು, ಆರ್ಡರ್ ಬಂದರೆ ಕೊರಿಯರ್ ಗೊತ್ತುಮಾಡುವುದು ಇವಳ ಕೆಲಸ. ದೊಡ್ಡ ಕಂಪನಿಗಳಿಗೆ ಇಂಥದ್ದೊಂದು ಇದೆಯೆಂದೇ ಗೊತ್ತಿಲ್ಲ. ಇವಳ ಪೈಪೋಟಿಯೆಲ್ಲ ದಹಿಸರ್‌ನ, ಇಷ್ಟೇ ಸಣ್ಣ ಇನ್ನೊಂದು ಮಾರುಕಟ್ಟೆಯ ಜೊತೆ. ಅದನ್ನು ನಡೆಸುವಾಕೆ ಮೊದಲು ಇವಳ ಪಾಲುದಾರಳಾಗಿದ್ದಳು. ಬೇರೆಯಾದ ದಿನವೇ ತಂಗಿ ಒಂದು ನಿಯಮ ಮಾಡಿದಳು: ಇಲ್ಲಿ ಮಾರುವವರು ಅಲ್ಲಿ ಮಾರುವ ಹಾಗಿಲ್ಲ.

ಗಂಟೆಯೊಳಗೆ ದಹಿಸರ್‌ನಾಕೆ ಆ ಫೋಟೊವನ್ನು ತನ್ನ ಗ್ರೂಪಿಗೆ ಹಾಕಿದಳು. ಜೊತೆಗೆ ಒಂದು ಸಾಲು: "ನಮ್ಮಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸಿಯೇ ಕಳಿಸುತ್ತೇವೆ." ಯಾರ ಹೆಸರೂ ಇಲ್ಲ, ಯಾರಿಗೂ ತಕರಾರು ತೆಗೆಯಲು ಬರದ ವಾಕ್ಯ. ಆ ಸಂಜೆಯೇ ತಂಗಿಯ ಇಬ್ಬರು ಮಾರಾಟಗಾರರು ಅತ್ತ ಹೋದರು. ಗಣಪತಿಯಿಂದ ದೀಪಾವಳಿಯವರೆಗಿನ ವ್ಯಾಪಾರದ ಮೇಲೆ ಇವಳ ವರ್ಷವೇ ನಿಂತಿರುತ್ತದೆ. ಗಣಪತಿ ಹತ್ತಿರ ಬಂದಿತ್ತು. ಇನ್ನೂ ನಾಲ್ಕು ಜನ ಹೋದರೆ ಬಾಗಿಲು ಮುಚ್ಚುವುದೇ.

"ನೀನು ಪೇಪರಿನವ ಅಲ್ವಾ, ನಾಲ್ಕು ಸಾಲು ಬರೆದುಕೊಡು ಮಾರಾಯ," ಅಂದಳು ಮತ್ತೆ ಫೋನ್ ಮಾಡಿ.

"ಎಂತ ಬರೆಯುದು? ಆದದ್ದೇನು ಅಂತ ಗೊತ್ತುಂಟಾ?"

"ಎಂತ ಆಗುದು! ಕೌದಿಯವಳು ತಿಂದ ಕೈಯಲ್ಲೇ ಹೊಲಿದಿದ್ದಾಳೆ. ಸೈಟಿನಿಂದ ಅವಳ ಫೋಟೊ ಎಲ್ಲ ತೆಗೆದು ಆಯ್ತು."

"ಅವಳನ್ನು ಕೇಳಿದೆಯಾ?"

"ಕೇಳುದೆಂತಕ್ಕೆ? ಇರುವೆ ಕಾಣ್ತದಲ್ಲ!"

ಕೊಂಡವರನ್ನೂ ಹೊಲಿದವಳನ್ನೂ ಕೇಳದೆ ಒಂದು ಸಾಲೂ ಬರೆಯುವುದಿಲ್ಲ ಎಂದೆ. ಅವಳು ಫೋನ್ ಇಟ್ಟಳು. ಹತ್ತು ನಿಮಿಷದಲ್ಲಿ ಮತ್ತೆ ಮಾಡಿ, ಕೊಂಡವರ ನಂಬರ್ ಕೊಟ್ಟಳು.

ಕೊಂಡಾಕೆ ಪರೇಲ್‌ನ ಹೊಸ ತಾಯಿ. ಪತ್ರಿಕೆಯವನು ಅಂದಾಗ ಗಾಬರಿಯಾದಳು. ಇದು ಸುದ್ದಿಗಲ್ಲ, ಮಾರಿದವಳ ಅಣ್ಣನಾಗಿ ಕೇಳುತ್ತಿದ್ದೇನೆ ಎಂದ ಮೇಲೆ ಸಮಾಧಾನವಾಗಿ ಹೇಳಿದಳು. ಮಗುವಿನ ತೊಡೆಯ ಮೇಲೆ ಎರಡು ಕಡೆ ಇರುವೆ ಕಚ್ಚಿ ಕೆಂಪಾಗಿತ್ತು, ಮರುದಿನ ಇಳಿಯಿತು. ಪಾರ್ಸಲ್ ಬಂದ ದಿನ ಅವರು ಮನೆಯಲ್ಲಿರಲಿಲ್ಲ. ಬಿಲ್ಡಿಂಗ್‌ನ ವಾಚ್‌ಮನ್ ಕ್ಯಾಬಿನ್‌ನಲ್ಲಿ ಅದು ಐದು ದಿನ ಬಿದ್ದಿತ್ತು. ಐದೂ ದಿನ ಮಳೆ. ಆರ್ಡರ್ ಹಾಕುವಾಗ 'ಕೂಸಿಗೆ' ಎಂದು ಬರೆದಿದ್ದೆ, ಮೆತ್ತನೆಯ ಬಟ್ಟೆ ಹಾಕಲಿ ಅಂತ, ಎಂದಳು.

ಮರುದಿನ ಕೌದಿ ಹೊಲಿದಾಕೆಯ ಮನೆಗೆ ಹೋದೆ. ಭಾಂಡುಪ್‌ನ ಗುಡ್ಡದ ಮೇಲಿನ ಚಾಳ್‌ನಲ್ಲಿ ಒಂದು ಕೋಣೆ. ಬೆಳಗಾವಿ ಕಡೆಯ ಮುಸ್ಲಿಂ ಹೆಂಗಸು, ಗಂಡ ಫ್ರಿಜ್ ರಿಪೇರಿ ಮಾಡುತ್ತಾನೆ. ನನ್ನನ್ನು ಕಂಡವಳೇ, "ಅಣ್ಣಾರ, ನಿನ್ನಿಯಿಂದ ನನ್ನ ಕೌದಿ ಫೋಟೊ ಕಾಣವಲ್ದು. ನೆಟ್ ಕೆಟ್ಟೈತೇನ್ರಿ?" ಅಂದಳು.

ನೆಟ್ ಸರಿಯಿದೆ, ತಂಗಿಯೇ ತೆಗೆದಿದ್ದಾಳೆ ಎಂದು ಹೇಳಿ, ಫೋಟೊ ತೋರಿಸಿದೆ. ಅವಳು ರೊಟ್ಟಿಯ ಚೂರನ್ನು ನೋಡಿ ಬೆಚ್ಚಲಿಲ್ಲ. ಇರುವೆಗಳನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

"ರೊಟ್ಟಿ ನಾನಾ ಇಟ್ಟಿದ್ದೆರಿ. ಹಸದ ಕೌದಿ ಕೂಸಿಗಿ ಹೊದಸಬಾರ್ದು."

ನನಗೆ ಅರ್ಥವಾಗಲಿಲ್ಲ. ಅವಳು ಮಡಿಲಲ್ಲಿದ್ದ ಅರ್ಧ ಹೊಲಿದ ಕೌದಿಯನ್ನು ತಿರುಗಿಸಿ ತೋರಿಸಿದಳು. ಅವರ ಕಡೆ ಕೊನೆಯ ತೇಪೆಯನ್ನು ಪೂರ್ತಿ ಮುಚ್ಚುವುದಿಲ್ಲ. ಎರಡು ಬೆರಳು ಹೋಗುವಷ್ಟು ಬಿಡುತ್ತಾರೆ. ಅದು ಕೌದಿಯ ಹೊಟ್ಟೆ. ರೊಟ್ಟಿಯ ಚೂರನ್ನು ಅದರೊಳಗಿಟ್ಟು ಹೊಲಿಗೆ ಮುಗಿಸಿದರೆ ಕೌದಿ ಉಂಡಂತೆ.

"ಮಾರುವುದಕ್ಕೆಲ್ಲ ಹಾಕ್ತೀರಾ?"

"ಇಲ್ರೀ. ಮಾರೋದು ಮಾರೋದಾ. ಇದರಾಗ ಕೂಸಿಗಿ ಅಂತ ಬರದಿದ್ರಲ್ಲ. ಅದಕ ಕೈ ತಡೀಲಿಲ್ಲ."

"ಇರುವೆ ಬರುತ್ತವೆ ಅಂತ ಅನಿಸಲಿಲ್ವಾ?"

"ನಮ್ಮೂರ ಬಿಸಲಾಗ ರೊಟ್ಟಿ ಕಟಗಿ ಆಗ್ತೈತ್ರಿ. ಇಲ್ಲೀ ಮಳಿ..." ಎಂದವಳು ನಿಲ್ಲಿಸಿದಳು. "ಕೂಸಿಗಿ ಏನರ ಆತೇನ್ರಿ?"

ಆದದ್ದನ್ನು ಹೇಳಿದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೈಬಿಟ್ಟಳು. ಚಹಾ ತರಲು ಎದ್ದವಳು ಬಹಳ ಹೊತ್ತು ಒಳಗೇ ಇದ್ದಳು.

ಅಂದೇ ಐದು ವಾಕ್ಯ ಬರೆದೆ. ದೂರು ನಿಜ. ರೊಟ್ಟಿ ಎಂಜಲಲ್ಲ, ಪದ್ಧತಿ. ಕೂಸಿಗೆಂದು ಓದಿದ್ದರಿಂದಲೇ ಇಟ್ಟದ್ದು. ಮಳೆಗಾಲದಲ್ಲಿ ಇರುವೆ ಬಂದು ಮಗುವಿಗೆ ಕಚ್ಚಿದೆ. ಕೊಂಡವರ ಕ್ಷಮೆ ಕೇಳುತ್ತೇವೆ.

"ಕಚ್ಚಿದ್ದನ್ನು ತೆಗಿ," ಅಂದಳು ತಂಗಿ.

"ತೆಗೆದರೆ ಉಳಿದ ನಾಲ್ಕನ್ನೂ ಯಾರೂ ನಂಬುದಿಲ್ಲ."

ಅವಳು ಐದನ್ನೂ ಹಾಕಿದಳು. ಆಮೇಲೆ ಎರಡು ದಿನ ಅವಳ ಕೈಯಿಂದ ಫೋನ್ ಕೆಳಗಿಳಿಯಲಿಲ್ಲ. ಅನ್ನ ಕಲಸುತ್ತ ಎಡಗೈಯಲ್ಲಿ ಸೈಟ್ ತೆರೆದು ನೋಡುತ್ತಾಳೆ, ಮುಚ್ಚುತ್ತಾಳೆ, ತೆರೆಯುತ್ತಾಳೆ. ಪರೇಲ್‌ನ ತಾಯಿ ಒಂದು ನಕ್ಷತ್ರವನ್ನು ಮೂರು ಮಾಡಿ, "ಕಾರಣ ತಿಳಿಯಿತು. ಆದರೂ ಇರುವೆ ಇರುವೆಯೇ," ಎಂದು ಬರೆದಳು. ಐದು ವಾಕ್ಯ ಗ್ರೂಪಿನಿಂದ ಗ್ರೂಪಿಗೆ ಹೋಯಿತು. ಆ ಕೌದಿ ಎಲ್ಲಿ ಸಿಗುತ್ತದೆ ಎಂದು ಜನ ಕೇಳತೊಡಗಿದರು. ತಂಗಿಯ ಸೈಟ್‌ನಲ್ಲಿ ಒಂದೂ ಕೌದಿ ಇರಲಿಲ್ಲ.

"ಅವಳ ಫೋಟೊ ತಿರುಗಿ ಹಾಕು," ಎಂದೆ.

"ಸ್ವಲ್ಪ ದಿನ ಹೋಗಲಿ. ಜನ ಇರುವೆ ಮರೆಯಲಿ."

ಜನ ಮರೆಯುವ ಮೊದಲೇ ದಹಿಸರ್‌ನ ಸೈಟ್‌ನಲ್ಲಿ 'ಹೊಟ್ಟೆ ತುಂಬಿದ ಕೌದಿ' ಕಾಣಿಸಿತು. ರೊಟ್ಟಿಯ ಬದಲು ನಾಲ್ಕು ಒಣಗಿದ ಜೋಳದ ಕಾಳು. ಹೊಲಿಗೆ ಗುಡ್ಡದ ಮೇಲಿನ ಅದೇ ಹೆಂಗಸಿನ ಕೈಯದು. ಕೆಳಗೆ ನನ್ನ ಎರಡನೇ ವಾಕ್ಯ, ಮೂರನೇ ವಾಕ್ಯ, ಅಕ್ಷರವೂ ಬದಲಾಗದೆ. ನಾಲ್ಕನೆಯದು, ಇರುವೆ ಕಚ್ಚಿದ್ದು, ಇರಲಿಲ್ಲ.

"ಕಳ್ಳಿ!" ಅಂದಳು ತಂಗಿ. "ನಿನ್ನ ವಾಕ್ಯ ಕದ್ದಿದ್ದಾಳೆ, ನಿನಗೆಂತ ಅನಿಸುದೇ ಇಲ್ವಾ? ಪೇಪರಲ್ಲಿ ಹಾಕು ಅವಳನ್ನು."

"ನೀನು ನನ್ನ ತಂಗಿ. ನಿನ್ನ ಜಗಳ ನನ್ನ ಪೇಪರಿಗೆ ಬರುವ ಹಾಗಿಲ್ಲ."

"ಹಾಗಾದ್ರೆ ನೀನು ಇರುದೆಂತಕ್ಕೆ?"

ಭಾನುವಾರ ಇಬ್ಬರೂ ಗುಡ್ಡ ಹತ್ತಿದೆವು. ಅರ್ಧ ದಾರಿಯಲ್ಲಿ ತಂಗಿ ಎರಡು ಸಲ ನಿಂತಳು, ಉಸಿರಿಗಲ್ಲ, ಸೈಟ್ ನೋಡಲು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ನಿನ್ನ ಫೋಟೊ ಇವತ್ತೇ ಹಾಕ್ತೇನೆ. ಎಲ್ಲಕ್ಕಿಂತ ಮೇಲೆ ಹಾಕ್ತೇನೆ," ಅಂದಳು.

ಕೌದಿಯಾಕೆ ಕೂರಲು ಚಾಪೆ ಹಾಸಿದಳು. "ಹಾಕ್ರಿ ಅಕ್ಕಾರ. ಬ್ಯಾಡ ಅನ್ನಂಗಿಲ್ಲ."

"ಆದ್ರೆ ದಹಿಸರ್‌ದು ಬಿಡಬೇಕು. ನಿಯಮ ಗೊತ್ತುಂಟಲ್ಲ."

"ಅದನ್ನ ಬಿಡಂಗಿಲ್ರಿ." ದನಿ ಏರಿಸಲಿಲ್ಲ. "ನೀವು ಮೊದಲ ನನ್ನ ತಗದ್ರಿ, ಆಮ್ಯಾಲ ನನ್ನ ಕಥಿ ಹೇಳಿದ್ರಿ. ಹಿಂದ್ಮುಂದ ಆತು. ಆಕಿ ಫೋನ್ ಮಾಡಿ ಕೇಳಿದ್ಲು, ಬಾ ಅಂದ್ಲು. ಆಕೀನೂ ನಾಳೆ ತಗೀಬಹುದು. ಅದಕ ಎರಡೂ ಕಡಿ ಇರ್ತೀನ್ರಿ. ಒಪ್ಪಿದ್ರ ಹೂಂ ಅನ್ರಿ."

ತಂಗಿ ನನ್ನ ಮುಖ ನೋಡಿದಳು. ಆ ನಿಯಮ ಬರೆದುಕೊಟ್ಟವನು ನಾನಲ್ಲ. ಅದನ್ನು ಮುರಿಯಬೇಕಾದವನೂ ನಾನಲ್ಲ. ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು.

"ಹೂಂ," ಅಂದಳು ತಂಗಿ.

"ಇನ್ನೊಂದ್ರಿ. ಇರುವಿ ಕಚ್ಚಿದ್ದೂ ಬರೀರಿ, ಮುಚ್ಚಬ್ಯಾಡ್ರಿ. ಮುಂದ ಯಾರಿಗರ ಕಚ್ಚಿದ್ರ ನಾ ಮದಲಾ ಹೇಳಿದ್ದೆ ಅನ್ನಾಕ ಬರ್ತೈತಿ."

ತಂಗಿ ಅಲ್ಲೇ ಕೂತು ಫೋಟೊಗಳನ್ನು ಹಾಕಿದಳು. ನನ್ನನ್ನು ರೈಲು ಹತ್ತಿಸಲು ಅವಳೂ ಬಂದಳು; ನಾವು ಗುಡ್ಡ ಇಳಿದು ಸ್ಟೇಷನ್ ಮುಟ್ಟುವಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಇಳಿದಿತ್ತು. ತಂಗಿಯ ಸೈಟ್‌ನಲ್ಲಿ ಸಂಡಿಗೆ ಮಾರುವಾಕೆಯ ಮೆಸೇಜ್: ಹಾಗಾದರೆ ನಾನೂ ದಹಿಸರ್‌ನಲ್ಲಿ ಹಾಕಬಹುದಾ? ಹಿಂದೆಯೇ ಕಸೂತಿ ಮಾರುವಾಕೆಯದು, ಅದೇ ಪ್ರಶ್ನೆ. ತಂಗಿ ಒಬ್ಬಳಿಗೆ 'ಹೂಂ' ಎಂದು ಬರೆದಳು. ಎರಡನೆಯವಳಿಗೆ ಏನೋ ಬರೆದು ಅಳಿಸಿದಳು. ನನ್ನ ಲೋಕಲ್ ಬಂದು ನಿಂತು, ಹೊರಟಿತು. ನಾನು ಹತ್ತಲಿಲ್ಲ. ಅವಳು ಇನ್ನೂ ಬರೆಯುತ್ತಿದ್ದಳು.